ಮಂಡೆಯಿಲ್ಲದ ಹಡಗಿನ ಕರೆ

ನನ್ನ ಉದ್ಯೋಗ ಮುಳುಗುವುದು. ತಿಂಗಳ ಸಂಬಳಕ್ಕೆ, ತಣ್ಣನೆಯ ಕೋಣೆಯಲ್ಲಿ, ಕಾಲಿಗೆ ಒಂದು ಹನಿ ನೀರು ತಾಗದಂತೆ ಮುಳುಗುತ್ತಿದ್ದೆ. ಬೆಳಿಗ್ಗೆ ಕಾರ್ಡು ತೋರಿಸಿ ಒಳಗೆ ಹೋದರೆ ಊಟದ ಹೊತ್ತಿನೊಳಗೆ ಮುದುಕನಾಗಿ, ಹುಡುಗನಾಗಿ, ಉಪ್ಪುನೀರು ಕುಡಿದು ಕೆಮ್ಮುವವನಾಗಿ, ಈಜು ಬಾರದ ಪ್ರವಾಸಿಯಾಗಿ ಮತ್ತೆ ಮತ್ತೆ ಮುಳುಗಿ ಏಳುತ್ತಿದ್ದೆ. ಕೆಲಸ ಹೇಗಿದೆ ಎಂದು ಯಾರಾದರೂ ಕೇಳಿದರೆ ತಲೆ ಎತ್ತಲು ಪುರುಸೊತ್ತಿಲ್ಲ ಎನ್ನುತ್ತಿದ್ದೆ.

ನಮ್ಮ ಕರಾವಳಿಯಲ್ಲಿ ಆಗಷ್ಟೇ ಆಳಿಲ್ಲದ ಹಡಗುಗಳು ಆಳಕ್ಕಿಳಿದಿದ್ದವು. ಕಪ್ತಾನನಿಲ್ಲ, ಖಲಾಸಿಯಿಲ್ಲ, ಅಡುಗೆಯವನೂ ಇಲ್ಲ. ಜನವೇ ಇಲ್ಲವೆಂದ ಮೇಲೆ ಜನ ನಿಂತು ನೋಡುವ ಗಾಜಿನ ಕೋಣೆ ಯಾಕೆಂದು ಅದನ್ನೂ ಕಿತ್ತು ಹಾಕಿದ್ದರು. ಉದ್ದಕ್ಕೆ, ಚಪ್ಪಟೆಯಾಗಿ, ಕತ್ತಿನ ಮೇಲೆ ಏನೂ ಇಲ್ಲದ ಆ ಆಕಾರ ದಿಗಂತದಲ್ಲಿ ಜಾರುವುದನ್ನು ನೋಡಿ ನಮ್ಮೂರು ಕೋಡಿಯ ಮೀನುಗಾರರು, ಮೊಗವೀರರು, ಅದಕ್ಕೆ ಇಟ್ಟ ಹೆಸರು ಮಂಡೆಯಿಲ್ಲದ ಹಡಗು.

ಸಮುದ್ರದಲ್ಲಿ ಬಹಳ ಹಳೆಯ ನಿಯಮವೊಂದಿದೆ. ಹಡಗು ಯಾವುದೇ ಆಗಲಿ, ಎಲ್ಲ ಹೊತ್ತಿನಲ್ಲೂ ಕಣ್ಣಿನಿಂದಲೂ ಕಿವಿಯಿಂದಲೂ ಕಾವಲು ಕಾಯುತ್ತಿರಬೇಕು. ಆ ಕಣ್ಣು ಯಾರದು, ಕಿವಿ ಯಾರದು ಎಂದು ನಿಯಮ ಬರೆದವರು ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದಿರಲೂ ಇಲ್ಲ. ಈಗ ಯಂತ್ರವೇ ಕಾವಲು ಕಾಯುತ್ತದೆ ಎಂದಾಗ ಅದು ಮನುಷ್ಯನಷ್ಟು ಕಾಣುತ್ತದೆಯೇ, ಮನುಷ್ಯನಷ್ಟು ಕೇಳುತ್ತದೆಯೇ ಎಂದು ಪರೀಕ್ಷಿಸಿ ಚೀಟಿ ಕೊಡಲು ಗಂಗೊಳ್ಳಿಯ ಅಳಿವೆಯ ದಂಡೆಯಲ್ಲಿ ನಮ್ಮ ಕೇಂದ್ರ ಹುಟ್ಟಿತು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪ್ರಮೀಳಾ ಅಂಗಡಿ, ಗದಗ ಕಡೆಯವರು. ಕೆಲಸಕ್ಕೆ ಸೇರಿದ ದಿನ ಕಿಟಕಿಯಲ್ಲಿ ನಿಂತು, "ಇಷ್ಟ್ ನೀರು ಇಟ್ಗೊಂಡು ಕುಡಿಲಿಕ್ಕೆ ಹನಿ ಇಲ್ಲಲ್ರೀ" ಎಂದು ಸಮುದ್ರದ ಮೇಲೆ ಮೊದಲ ಷರಾ ಬರೆದವರು. ಸಂದರ್ಶನದಲ್ಲಿ ನನ್ನನ್ನು, "ಏನ್ ಬರ್ತೈತ್ರೀ ನಿಮಗ?" ಎಂದು ಕೇಳಿದ್ದರು.

"ಭೌತಶಾಸ್ತ್ರ ಸ್ವಲ್ಪ, ಮಿಮಿಕ್ರಿ ಪೂರ್ತಿ."

"ಹೌದಾ? ನನ್ನ ದನಿ ತಗೀರಿ ನೋಡೂಣು."

"ಹೌದಾ? ನನ್ನ ದನಿ ತಗೀರಿ ನೋಡೂಣು" ಎಂದೆ, ಅವರ ಸ್ವರದಲ್ಲೇ. ಪಕ್ಕದ ಕೋಣೆಯಿಂದ ಜವಾನ, "ಬಂದೆ ಮೇಡಂ" ಎಂದು ಓಡಿ ಬಂದ. ಕೆಲಸ ಸಿಕ್ಕಿತು.

ಹಡಗಿನ ಮೈಯುದ್ದಕ್ಕೂ ಕಿವಿಗಳನ್ನು ಕೂರಿಸಿರುತ್ತಿದ್ದರು. ಒಂದೇ ಕೂಗು ಒಂದೊಂದು ಕಿವಿಗೆ ಕೂದಲೆಳೆಯಷ್ಟು ಹಿಂದುಮುಂದಾಗಿ ತಲುಪುತ್ತದೆ. ಆ ವ್ಯತ್ಯಾಸದಿಂದ ಯಂತ್ರ ದಿಕ್ಕನ್ನು ಹೇಳುತ್ತದೆ. ಒಂದೇ ಕೂಗಾದರೆ ಬರೀ ಅಂದಾಜು. ಕೂಗುತ್ತಲೇ ಇದ್ದರೆ ಬೆರಳಿಟ್ಟು ತೋರಿಸುವಷ್ಟು ಖಚಿತ. ನಾನು ಕೂಗುತ್ತಿದ್ದೆ, ಯಂತ್ರ ಕಲಿಯುತ್ತಿತ್ತು. ಕಡಲಕಾಗೆಯ ಸ್ವರದಲ್ಲಿ ಕೂಗಿ ಅದನ್ನು ದಾರಿ ತಪ್ಪಿಸುವುದೂ ನನ್ನದೇ ಕೆಲಸ. ಆ ದಿನಗಳಲ್ಲಿ ಸಂಜೆ ಮನೆಗೆ ಹೋದರೆ ನಮ್ಮ ಬೆಕ್ಕು ನನ್ನನ್ನು ಹಕ್ಕಿ ನೋಡುವಂತೆ ನೋಡುತ್ತಿತ್ತು.

ಕೂಗು ಕೇಳಿದ ಮೇಲೆ ಹಡಗು ಏನು ಮಾಡಬೇಕು ಎಂಬಲ್ಲಿ ನಿಯಮ ಬರೆಯುವವರು ಬಹಳ ದಿನ ತಡವರಿಸಿದರು. ಗುಡ್ಡದಷ್ಟು ದೊಡ್ಡ ಹಡಗನ್ನು ಹಕ್ಕಿಯ ಕೂಗಿಗೆಲ್ಲ ನಿಲ್ಲಿಸಲಾಗದು. ಕೊನೆಗೆ ಹೊರಬಂದ ಕಲಮು ಹೀಗಿತ್ತು: ಸದರಿ ಯಂತ್ರವು ಮಾನವ ಕೂಗನ್ನು ಹೋಲುವ ಧ್ವನಿಯನ್ನು ಆಲಿಸಿದಲ್ಲಿ, ಮಾನವ ಧ್ವನಿಯಲ್ಲಿಯೇ ಒಂದು ಬಾರಿ ಪ್ರತಿಕರೆ ನೀಡತಕ್ಕದ್ದು. ತದನಂತರ ಮೌನವಹಿಸಿ ಆಲಿಸತಕ್ಕದ್ದು. ಪ್ರತ್ಯುತ್ತರ ಬಂದಲ್ಲಿ ಹಡಗನ್ನು ನಿಲ್ಲಿಸಿ ತೇಲುದೋಣಿಯನ್ನು ಬಿಡತಕ್ಕದ್ದು. ಬಾರದಿದ್ದಲ್ಲಿ ಸದರಿ ಧ್ವನಿಯನ್ನು ಹಕ್ಕಿ, ಅಲೆ ಅಥವಾ ಇತರೆ ಎಂದು ಪರಿಗಣಿಸಿ ಮುಂದುವರಿಯತಕ್ಕದ್ದು.

ನಮ್ಮ ಕಡಲ ತುಂಡಿನ ಹಡಗುಗಳಿಗೆ ಪ್ರತಿಕರೆಯ ಧ್ವನಿಯಾಗಿ ಆಯ್ಕೆಯಾದವನು ನನ್ನ ಮಾವ, ತಾಯಿಯ ಅಣ್ಣ, ದೋಣಿಯ ಮುಂದಾಳು ಬಚ್ಚ ತಾಂಡೇಲ. ಆಚೆ ದೋಣಿಗೆ ಬೈದರೆ ಈಚೆ ದೋಣಿಯವನು ತಲೆತಗ್ಗಿಸುವಂಥ ಸ್ವರ ಅವನದು. ಆದರೆ ಗಾಳಿ ಅಲುಗದ ರೆಕಾರ್ಡಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ನಿಂತಾಗ ಅವನ ಸ್ವರ ಕೋರ್ಟಿನಲ್ಲಿ ಸಾಕ್ಷಿ ಹೇಳುವವನದಂತೆ ಒಣಗಿಹೋಯಿತು. ಕೊನೆಗೆ ಅವನ ಸ್ವರವನ್ನು ನಾನೇ ತೆಗೆದೆ. "ಹೋಯ್, ಬಂದೆ. ಎಲ್ಲಿದ್ದೆ?"

ಮಾವ ಬೆನ್ನು ತಟ್ಟಿದ. "ಎಂತಾ ಮಾರಾಯ, ನಾ ಕೂಗುಕಿಂತ ನೀ ಕೂಗಿದ್ರೇ ನನ್ನ ಹಾಂಗೆ ಕೇಂತ್. ಅಡ್ಡಿಲ್ಲೆ. ಅಳಿಯಕಟ್ಟಿನ ಲೆಕ್ಕದಗೆ ದೋಣಿ ನಿಂಗೆ ಬರ್ಕಿತ್ತ್. ದೋಣಿ ಮಗಂಗ್ ಕೊಡ್ತೆ, ಸ್ವರ ನೀ ತಕೊ."

ಅಳಿಯನಿಗೆ ಆಸ್ತಿ ಹೋಗುವ ನಮ್ಮ ಹಳೆಯ ಪದ್ಧತಿಯನ್ನು ಅಂಗಡಿ ಮೇಡಂಗೆ ನಾನು ವಿವರಿಸುತ್ತಿದ್ದಾಗ ಮಾವ ಅವರತ್ತ ತಿರುಗಿದ.

"ಮೇಡಮ್ಮೋರೆ, ಒಂದೇ ಸಲವಾ ಕರೂದ್? ಮೂರ್ ಸಲ ಕರೀಕೇ."

"ಮೂರು ಸಲ ಒದರಿದ್ರ ಹಡಗಿನ ಕಿವ್ಯಾಗ ಅದರದ ದನಿ ತುಂಬ್ಕೋತೈತ್ರಿ. ಆ ಕಡಿಂದ ಸಣ್ಣ ದನಿ ಬಂದ್ರ ಕೇಳಂಗಿಲ್ಲ. ಒಂದು ಸಲ ಕರದು ಸುಮ್ಮನಿದ್ದು ಕೇಳೂದು ಛಲೋ."

ಲೆಕ್ಕ ಸರಿಯಾಗಿತ್ತು. ಮಾವ ನನ್ನ ಮುಖ ನೋಡಿ ನಕ್ಕ. ನಮ್ಮವರಲ್ಲಿ ದಡ ಕಾಣದಷ್ಟು ದೂರ ಹೋದ ಮೇಲೆ ಒಂಟಿ ಕೂಗಿಗೆ ಯಾರೂ ಓಗೊಡುವುದಿಲ್ಲ. ನೀರಿನಲ್ಲಿ ಸತ್ತವರಿಗೆ ಒಂದೇ ಸಲ ಕರೆಯುವಷ್ಟು ಗಂಟಲು. ಮೂರು ಸಲ ಕರೆಯಬಲ್ಲವನು ಬದುಕಿದ್ದವನು ಮಾತ್ರ. ಒಂಟಿ ಕೂಗಿಗೆ ಬಾಯಿ ತೆರೆದರೆ ತೆರೆದವನೂ ಅತ್ತ ಹೋದ ಹಾಗೆ. ಹಾಲು ಕುಡಿಯುವಾಗಲೇ ಇದನ್ನು ಕಲಿಸಿರುತ್ತಾರೆ. ಭೌತಶಾಸ್ತ್ರ ಓದಿದ ನಾನೂ ದೋಣಿಯಲ್ಲಿದ್ದರೆ ಎರಡನೆಯ ಕರೆಗೆ ಕಾಯುತ್ತೇನೆ, ಮೂರನೆಯದಕ್ಕೆ ಬಾಯಿ ಬಿಡುತ್ತೇನೆ.

"ನಾ ಬದ್ಕಿಪ್ಪಲ್ಲಿವರೆಗೆ ಅಡ್ಡಿಲ್ಲೆ ಬಿಡಿ" ಎಂದ ಮಾವ, ಕೇಂದ್ರದ ಚಹಾ ಕುಡಿಯುತ್ತ.

ಅಡ್ಡಿಯಿರಲಿಲ್ಲ. ಮಾವ ಮನೆಯಲ್ಲಿ ಬಂಗಡೆ ತಿನ್ನುತ್ತ ಕೂತಿರುವುದು ಎಲ್ಲರಿಗೂ ಗೊತ್ತಿತ್ತು. ಮೀನುಗಾರರ ಮಾತು ಕೇಳಿಸಿಕೊಂಡ ಹಡಗು, "ಹೋಯ್, ಬಂದೆ. ಎಲ್ಲಿದ್ದೆ?" ಎಂದರೆ ದೋಣಿಗಳಲ್ಲಿ ನಗು ಏಳುತ್ತಿತ್ತು. "ಇಲ್ಲೇ ಇದ್ದೆ ಮಾರಾಯ, ನೀ ಸೀದಾ ಹೋಗ್. ನಿನ್ ಹೆಂಡ್ತಿ ಗುಲಾಬಕ್ಕ ಹುಡುಕ್ತಾ ಇದ್ಳ್" ಎಂದು ಕಬ್ಬಿಣದ ಗೋಡೆಗೆ ಚೇಷ್ಟೆ ಮಾಡುತ್ತಿದ್ದರು. ದೋಣಿಯವರು ಎಂದು ನಾವು ಗುರುತು ಹಾಕಿ ಹಡಗನ್ನು ಮುಂದೆ ಬಿಡುತ್ತಿದ್ದೆವು. ಅಂಗಡಿ ಮೇಡಂ ದೆಹಲಿಗೆ ಕಳಿಸಿದ ವರದಿಯಲ್ಲಿ, ಸ್ಥಳೀಯರು ಯಂತ್ರದೊಂದಿಗೆ ಸೌಹಾರ್ದದಿಂದಿದ್ದಾರೆ ಎಂದು ಬರೆದರು.

ಮಳೆಗಾಲ ಕಳೆದು ದೋಣಿ ಇಳಿಸಿದ ಮೊದಲ ವಾರದಲ್ಲೇ ಮಾವ ಹೋದ. ದೋಣಿ ಬಂತು, ಬಲೆ ಬಂತು, ಮಾವ ಬರಲಿಲ್ಲ. ಹುಡುಕಿದರು. ಸಿಗಲಿಲ್ಲ.

ಸ್ವರ ಮಾತ್ರ ಇತ್ತು. ಮಂಡೆಯಿಲ್ಲದ ಹಡಗುಗಳು ಮೊದಲಿನ ಹಾಗೆಯೇ ಹೋಗುತ್ತ ಬರುತ್ತ, ಮಾತು ಕೇಳಿದಲ್ಲೆಲ್ಲ ಮೊದಲಿನ ಹಾಗೆಯೇ ಕರೆಯುತ್ತಿದ್ದವು. ಹೋಯ್, ಬಂದೆ. ಎಲ್ಲಿದ್ದೆ? ನಾನೇ ತೆಗೆದ ಸ್ವರ, ನನ್ನದೇ ಗಂಟಲು. ಆದರೂ ಕಂಟ್ರೋಲ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿದರೆ ಬೆನ್ನಿನ ಮೇಲೆ ಒದ್ದೆ ಕೈ ಇಟ್ಟ ಹಾಗಾಗುತ್ತಿತ್ತು.

ದೋಣಿಗಳಲ್ಲಿ ನಗು ನಿಂತಿತು. ಕೇರಿಯ ಹಿರಿಯರು ಮನೆಗೆ ಬಂದರು. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡ ಮೇಲೆ ಮಾವನ ಜೊತೆಗಾರ ಶೀನಣ್ಣ ಬಾಯಿಬಿಟ್ಟ. "ಭಾಸ್ಕರ, ಹೋದವ್ನ ಸ್ವರ ನೀರ್ ಮೇಲೆ ಬೇಡ ಮಾರಾಯ. ನಿನ್ನೆ ನಮ್ ದೋಣಿ ಬಗ್ಲಗೇ ಕರೀತ್. ನಾವ್ ನಾಲ್ಕ್ ಜನ ಬಾಯಿ ಮುಚ್ಕಂಡ್ ಕೂತ್ಕಂಡ್ವ್. ಒಬ್ನೂ ಕೆಮ್ಲಿಲ್ಲೆ."

ಸ್ವರ ಬದಲಿಸುವುದು ದೊಡ್ಡ ಕೆಲಸವೇ. ಹೊಸ ಸ್ವರವೆಂದರೆ ಎಲ್ಲ ಪರೀಕ್ಷೆಯೂ ಮೊದಲಿನಿಂದ. ಆದರೂ ನಾನು ತಯಾರಿದ್ದೆ. ತಡೆದವರು ಗುಲಾಬಿ ಅತ್ತೆ, ಮಾವನ ಹೆಂಡತಿ.

ಅತ್ತೆ ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಮಾರಾಟ ಮುಗಿಸಿ ಬಂದು, ಬುಟ್ಟಿ ತೊಳೆದು ಕವುಚಿ, ಸಂಜೆ ದಂಡೆಯಲ್ಲಿ ಕೂತುಕೊಳ್ಳಲು ಶುರುಮಾಡಿದ್ದರು. ಗಾಳಿ ಪಡುವಣದಿಂದ ಬೀಸಿದರೆ, ಹಡಗು ದಡದ ಹತ್ತಿರದ ದಾರಿ ಹಿಡಿದರೆ, ದೋಣಿಯೊಂದು ಅದರ ಹಾದಿಗೆ ಬಂದರೆ, ಆಗ ಒಂದು ಸಲ ಕೇಳುತ್ತಿತ್ತು. ಅಷ್ಟಕ್ಕಾಗಿ ಕೂತಿರುತ್ತಿದ್ದರು.

"ಹಡ್ಗಿಂದ ಅವ್ರ ಸ್ವರ ತೆಗೀತ್ಯಂಬ್ರಲೆ" ಎಂದರು, ನನ್ನ ಮುಖ ನೋಡದೆ.

"ಊರೋರ್ ಹೇಳ್ತ್ರ್ ಅತ್ತೆ."

"ಊರೋರಿಗೆ ಹೆದ್ರಿಕೆ. ನಂಗೆಂತ ಹೆದ್ರಿಕೆ? ಮೂವತ್ತ್ ವರ್ಷ ಆ ಸ್ವರದಗೆ ಬೈಸ್ಕಂಡಿದ್ದೆ. ಮೋರೆ ಹೋಯ್ತ್, ಮೈ ಹೋಯ್ತ್. ಅಷ್ಟೊಂದ್ ಇರ್ಲಿ."

ಅತ್ತೆ ಆಮೇಲೆ ನನ್ನ ಕೈ ಹಿಡಿದುಕೊಂಡರು. "ಇನ್ನೊಂದ್ ಮಾತ್. ಬದ್ಕಿಪ್ಪೋರ ಸ್ವರ ಇನ್ ಮೇಲೆ ತೆಗಿಬೇಡ. ಆ ಹಡ್ಗಿಗಂತೂ ಕೊಡ್ಬೇಡ. ಅವ್ರದ್ ಕೊಟ್ಯಲೆ, ಅದು ಸ್ವರ ತಕಂಡ್ ಆಳನ್ನೂ ಕರ್ಕಂಡ್ ಹೋಯ್ತ್. ಆಣಿ ಹಾಕ್."

ನಾನು ಆಣೆ ಹಾಕಿದೆ. ಮೇಜಿನ ಮೇಲಿದ್ದ, ಸ್ವರ ಬದಲಿಸುವ ಅರ್ಜಿ ಮೇಜಿನ ಒಳಗೆ ಹೋಯಿತು. ಮಿಮಿಕ್ರಿ ಬಿಟ್ಟವನ ಬದುಕು ಉಪ್ಪಿಲ್ಲದ ಸಾರು. ಮುಳುಗುವವರ ಸ್ವರಗಳು ಯಾರವೂ ಅಲ್ಲ, ಹಾಗಾಗಿ ಉದ್ಯೋಗಕ್ಕೆ ಮೋಸವಿರಲಿಲ್ಲ.

ಕೇಂದ್ರದಲ್ಲಿ ಅಂಗಡಿ ಮೇಡಂ ಪರದೆಯ ಮುಂದೆ ಕೂತು ಗಲ್ಲ ಕೆರೆದುಕೊಳ್ಳುತ್ತಿದ್ದರು. "ಭಾಸ್ಕರ, ಈ ಇತರೆ ಯಾಕ್ರೀ ಹಿಂಗ ಬೆಳ್ಯಾಕತ್ತೈತಿ? ಹಕ್ಕಿ ಅಷ್ಟ ಅದಾವ, ಅಲಿ ಅಷ್ಟ ಅದಾವ. ಇತರೆ ನೋಡ್ರಿ. ಹಡಗು ದನಿ ಕೇಳತೈತಿ, ಕರೀತೈತಿ, ಆಮ್ಯಾಲ ಗಪ್‌ಚಿಪ್. ಮಂದಿ ಅದಾರೋ ಇಲ್ಲೋ?"

"ಇತರೆ ಎಂದರೆ ಇತರರೇ ಇರಬೇಕು ಮೇಡಂ" ಎಂದೆ.

ಅವರು ನಗಲಿಲ್ಲ. ನಾನೂ ನಗಲಿಲ್ಲ. ಇತರೆ ಯಾಕೆ ಬೆಳೆಯುತ್ತಿದೆಯೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ದೋಣಿಯಲ್ಲಿ ಗಟ್ಟಿಯಾಗಿ ಕೂತವರು ಬಾಯಿ ಮುಚ್ಚಿಕೊಂಡರೆ ಏನು ನಷ್ಟ ಎಂದು ನಾನು ಸಮಾಧಾನ ಹೇಳಿಕೊಂಡಿದ್ದೆ. ನೀರಿನಲ್ಲಿರುವವನ ಬಗ್ಗೆ ನಾನು ಯೋಚಿಸಿರಲಿಲ್ಲ. ದಿನವಿಡೀ ಮುಳುಗುವವನಾಗಿ ಯೋಚಿಸಬೇಕಿತ್ತು.

ಆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಪಡುವಣ ದಿಕ್ಕು ಹೆಂಚಿನ ಬಣ್ಣಕ್ಕೆ ತಿರುಗಿತು. ಹಿಂಗಾರಿನ ಗಾಳಿಮಳೆ ಹೇಳಿ ಕೇಳಿ ಬರುವುದಲ್ಲ. ಬಂದರಿನಿಂದ ಫೋನು ಬಂತು. ನಾಡದೋಣಿಯೊಂದು ಮಗುಚಿದೆ, ಒಬ್ಬನನ್ನು ಟ್ರಾಲರಿನವರು ಎತ್ತಿಕೊಂಡಿದ್ದಾರೆ, ಇನ್ನೊಬ್ಬ ಖಾಲಿ ಕ್ಯಾನೊಂದನ್ನು ಅಪ್ಪಿಕೊಂಡು ತೇಲಿಹೋದ. ಸಿಕ್ಕವನು ಶೀನಣ್ಣ. ತೇಲಿಹೋದವನು ನಾಗೇಶ. ಮಾವನ ಮಗ, ನನ್ನ ಬಾವ.

ಆ ಜಾಗದ ಹತ್ತಿರ ಇದ್ದದ್ದು ಒಂದೇ ಹಡಗು. ಮಂಡೆಯಿಲ್ಲದ್ದು. ಮಳೆಯಲ್ಲಿ ಅದರ ಕ್ಯಾಮೆರಾಗಳು ಬೂದಿ ಬಳಿದ ಪರದೆಯನ್ನಷ್ಟೇ ತೋರಿಸುತ್ತಿದ್ದವು. ಅಲೆಯೆದ್ದ ನೀರಿನಲ್ಲಿ ರಾಡಾರಿಗೆ ತಲೆಯೂ ಒಂದೇ, ತೆಂಗಿನಕಾಯಿಯೂ ಒಂದೇ. ಉಳಿದದ್ದು ಕಿವಿ. ಅಂಗಡಿ ಮೇಡಂ ಹಡಗಿನ ವೇಗ ಇಳಿಸಿ, ಸ್ಪೀಕರು ತೆರೆದರು. ಮಳೆ ಕಬ್ಬಿಣದ ಮೇಲೆ ಬೀಳುವ ಸದ್ದು ಕೋಣೆಯನ್ನು ತುಂಬಿತು.

ಅದರ ನಡುವೆ ಒಂದು ಕೂಗು. ನಾಯಿಮರಿ ಕುಂಯ್ಗುಟ್ಟಿದಷ್ಟು ಸಣ್ಣದು.

"ಹಕ್ಕಿ ಅಲ್ಲ" ಎಂದೆ. ಹಕ್ಕಿ ನನಗೆ ಗೊತ್ತು.

ಯಂತ್ರವೂ ಅದನ್ನೇ ಹೇಳಿತು. ಪರದೆಯ ಮೇಲೆ ದೊಡ್ಡ ಹೋಳಿನಂಥ ಕೆಂಪು ಗುರುತು ಮೂಡಿತು, ಇಷ್ಟರಲ್ಲಿ ಎಲ್ಲೋ ಎಂದು. ನಿಯಮದಂತೆ ಎಂಜಿನ್ನಿನ ಸದ್ದು ಅಡಗಿತು. ನಿಯಮದಂತೆ ಹಡಗು ಕರೆಯಿತು.

"ಹೋಯ್, ಬಂದೆ. ಎಲ್ಲಿದ್ದೆ?"

ಆಮೇಲೆ ಮಳೆ.

"ಇನ್ನೊಂದು ಸಲ ಒದರಿದ್ರ ಸಾಕ್ರೀ, ದಿಕ್ಕು ಸಿಗತೈತಿ" ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಒದರಪ್ಪಾ. ಯಾಕ ಒದರವಲ್ಲ ಇಂವಾ? ಜೀವ ಐತಿಲ್ಲೋ?"

ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡೆ. ಕೂಗುವ ನೂರು ಬಗೆ ನನಗೆ ಗೊತ್ತಿತ್ತು. ಕೂಗದಿರುವುದನ್ನು ಕೇಳಿದ್ದು ಆವತ್ತೇ ಮೊದಲು. ಅಲೆ ಪ್ಲಾಸ್ಟಿಕ್ ಕ್ಯಾನಿಗೆ ಬಡಿಯುತ್ತಿತ್ತು. ಅದರಾಚೆ ಮೂಗಿನಲ್ಲಿ ಮಾತ್ರ ಆಡುವ, ಬಿಗಿಹಿಡಿದ ಉಸಿರು ಇತ್ತೋ, ಇದೆಯೆಂದು ನಾನು ಅಂದುಕೊಂಡೆನೋ. ನೀರಿನಲ್ಲಿ ಕತ್ತಿನವರೆಗೆ ಇರುವ ನಾಗೇಶ ಮಳೆಯ ಆಚೆಯಿಂದ ಅಪ್ಪ ಕರೆದದ್ದನ್ನು ಕೇಳಿದ್ದ. ಒಂದೇ ಸಲ. ಬಾಯಿ ಮುಚ್ಚಿಕೊಂಡಿದ್ದ.

"ಮೇಡಂ, ಅವನಿದ್ದಾನೆ. ಬೇಕೆಂದೇ ಸುಮ್ಮನಿದ್ದಾನೆ. ಆ ಸ್ವರಕ್ಕೆ ಅವನು ಓಗೊಡುವುದಿಲ್ಲ. ಅದು ಸತ್ತವರ ಕರೆ ಅವನ ಪಾಲಿಗೆ."

ಅವರು ನನ್ನನ್ನೊಮ್ಮೆ ನೋಡಿದರು. ಮಾವ ಕೇಳಿದ ಮೂರು ಸಲದ ಮಾತು ಅವರಿಗೆ ಆ ಕ್ಷಣ ನೆನಪಾಯಿತೆಂದು ಮುಖದಲ್ಲೇ ಕಂಡಿತು. ನೇರ ಮೈಕಿನ ಬೀಗ ತೆಗೆದು ನನ್ನ ಮುಂದಿಟ್ಟರು. ಪರೀಕ್ಷೆಯಾಗದ ಸ್ವರವನ್ನು ಹಡಗಿನಿಂದ ಹೊರಡಿಸುವುದು ನಿಯಮಬಾಹಿರ. "ಕರೀರಿ" ಎಂದರು.

ನನ್ನದೇ ಸ್ವರದಲ್ಲಿ ಕರೆಯೋಣವೆಂದು ಬಾಯಿ ತೆರೆದೆ. "ಹೋಯ್ ಬಾವಾ, ನಾನ್..."

ಸ್ಪೀಕರಿನಲ್ಲಿ ಮರಳಿ ಬಂದದ್ದು ಮಾವ. ಮುಳುಗುವವರ ಕೂಗೆಲ್ಲ ಕೋಣೆಯೊಳಗಿನದು, ಸಮುದ್ರಕ್ಕೆ ಕೂಗುವುದೆಂದರೆ ನನಗೆ ಮಾವನಾಗಿ ಕೂಗುವುದೇ ಆಗಿತ್ತು. ಗಂಟಲು ಎತ್ತರಿಸಿದರೆ ಬೇರೆ ಯಾರೂ ಒಳಗಿರಲಿಲ್ಲ. ಸ್ವರ ನೀ ತಕೊ ಎಂದಿದ್ದ. ಪೂರ್ತಿ ಕೊಟ್ಟಿದ್ದ.

ಕೆಂಪು ಹೋಳು ಮಸುಕಾಗತೊಡಗಿತು. ಅತ್ತೆಗೆ ಫೋನು ಮಾಡಿದೆ. ಅವರೇ ಕರೆಯಲಿ ಎಂದು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಮಾರ್ಕೆಟ್ಟಿನ ಗಲಾಟೆಯಲ್ಲಿ ಮೀನಿನ ಬುಟ್ಟಿಯ ಅಡಿಯಲ್ಲಿ ಆ ಫೋನು ಬಡಿದುಕೊಳ್ಳುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿತು.

"ಭಾಸ್ಕರ, ಗಾಳಿ ಹಡಗನ್ನ ಆ ಕಡೀಗೇ ತಳ್ಳಾಕತ್ತೈತಿ. ಅಂವಾ ಎಲ್ಲಿ ಅದಾನ ಗೊತ್ತಾಗ್ಲಿಲ್ಲಂದ್ರ ನಾವ ಅವನ ಮ್ಯಾಲ ಹೋಗ್ತೇವಿ" ಎಂದರು ಮೇಡಂ.

ಆಣೆ ನೆನಪಾಯಿತು.

ಕಣ್ಣು ಮುಚ್ಚಿದೆ. ಕೋಡಿಯ ಮನೆಯ ಹಿಂದಿನ ಬಾಗಿಲು, ಅತ್ತೆಯ ಒಂದು ಕೈ ಬಾಗಿಲ ಚೌಕಟ್ಟಿಗೆ, ಇನ್ನೊಂದು ಸೊಂಟಕ್ಕೆ. ನಾವಿಬ್ಬರೂ ದಂಡೆಯಲ್ಲಿ ಆಡುತ್ತಿರುವಾಗ ದಿನವೂ ಕೇಳಿದ ಕರೆ. ಸಿಟ್ಟು ಎಷ್ಟು, ಉಸಿರು ಎಷ್ಟು, ಕೊನೆಯಲ್ಲಿ ಎಳೆತ ಎಷ್ಟು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಏ ಮಗಾ, ಎಲ್ಲಿದ್ದೆ? ಗಂಜಿ ಆರ್ತಾ ಇತ್ತ್."

ಮಳೆ.

"ಏ ಮಗಾ, ಎಲ್ಲಿದ್ದೆ? ಗಂಜಿ ಆರ್ತಾ ಇತ್ತ್."

ಮಳೆ. ಅಂಗಡಿ ಮೇಡಂ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದಿದ್ದರು.

ಮೂರನೆಯದು ನಾನು ತೆಗೆದ ಸ್ವರವಾಗಿರಲಿಲ್ಲ. ಅದು ತಾನಾಗಿ ಬಂತು.

"ಬಂದೇ ಅಮ್ಮಾ" ಎಂದ ನಾಗೇಶ.

ಆಮೇಲೆ ಅವನು ನಿಲ್ಲಿಸಲಿಲ್ಲ. ಅಮ್ಮಾ ಅಮ್ಮಾ ಎಂದು ಕೂಗುತ್ತಲೇ ಇದ್ದ. ಕೆಂಪು ಹೋಳು ಕಿರಿದಾಗಿ, ಕಿರಿದಾಗಿ, ಕೊನೆಗೆ ಕುಂಕುಮದ ಬೊಟ್ಟಿನಷ್ಟಾಯಿತು. ಹಡಗು ಮೈ ತಿರುಗಿಸಿ ಅವನನ್ನು ಗಾಳಿಯಿಂದ ಮರೆಮಾಡಿ ನಿಂತಿತು. ತೇಲುದೋಣಿ ಕೆಳಗಿಳಿಯಿತು.

ಆಸ್ಪತ್ರೆಯಲ್ಲಿ ಅತ್ತೆ ಮಗನ ಹಾಸಿಗೆಯ ಪಕ್ಕ ಕೂತು ಮೂಸಂಬಿ ಸುಲಿಯುತ್ತಿದ್ದರು. ಕೈಯಲ್ಲಿ ಇನ್ನೂ ಮೀನಿನ ಪರೆ ಅಂಟಿತ್ತು.

"ಮೊದ್ಲ್ ಅಪ್ಪಯ್ಯ ಕರ್ದ" ಎಂದ ನಾಗೇಶ. ಸ್ವರ ಹರಿದಿತ್ತು. "ನಾ ಬಾಯಿ ಬಿಡ್ಲಿಲ್ಲೆ. ಅಪ್ಪಯ್ಯನ ಹತ್ರ ಹೋಯ್ ಬಿಡುವ ಅಂತ ಒಂದ್ ಸಲ ಕಂಡಿತ್. ಕೈ ಸೋತಿತ್ತ್. ಆಗ ನೀ ಕರ್ದೆ."

ಆ ಹೊತ್ತು ಮಾರ್ಕೆಟ್ಟಿನಲ್ಲಿದ್ದ ಅತ್ತೆ ತಾನು ಕರೆದಿಲ್ಲವೆಂದು ಮಗನಿಗೆ ಹೇಳಹೋಗಲಿಲ್ಲ. ಒಂದು ತೊಳೆ ಅವನ ಬಾಯಿಗಿಟ್ಟರು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು. "ನನ್ ಸ್ವರವಾ?"

"ಹೌದ್ ಅತ್ತೆ."

"ಎಷ್ಟ್ ಸಲ?"

"ಮೂರ್ ಸಲ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ಹಂಗಾರೆ ಅಡ್ಡಿಲ್ಲೆ" ಎಂದರು. ಆ ಮಾತನ್ನು ಹಿಂದೆ ಯಾರು, ಎಲ್ಲಿ ಚಹಾ ಕುಡಿಯುತ್ತ ಹೇಳಿದ್ದರೆಂದು ಅವರಿಗೆ ಗೊತ್ತಿರಲಿಲ್ಲ.

ಕಲಮು ಬದಲಾಯಿತು. ಪ್ರತಿಕರೆಯನ್ನು ಮೂರು ಬಾರಿ ನೀಡತಕ್ಕದ್ದು, ಪ್ರತಿ ಬಾರಿಯ ತರುವಾಯ ಆಲಿಸತಕ್ಕದ್ದು. ಅದರ ಕೆಳಗೆ ಇನ್ನೊಂದು ಸಾಲು: ಆಯಾ ಕರಾವಳಿಯಲ್ಲಿ ಪ್ರತ್ಯುತ್ತರ ಪಡೆದು ಸಾಬೀತಾದ ಸ್ವರವನ್ನೇ ಬಳಸತಕ್ಕದ್ದು. ಸಾಬೀತಾದ ಸ್ವರ ಇದ್ದದ್ದು ಒಂದೇ, ಅತ್ತೆಯದು. ಸಭೆಯಲ್ಲಿ ದೆಹಲಿಯ ಅಧಿಕಾರಿಯೊಬ್ಬರು ಗಂಜಿ ಎಂಬುದು ತಾಂತ್ರಿಕ ಪದವೇ ಎಂದು ಕೇಳಿದರು. ಬೇರೆ ಭಾಷೆಯ ಮೀನುಗಾರರಿಗೆ ಅರ್ಥವಾದೀತೇ ಎಂದು ಇನ್ನೊಬ್ಬರು. ಅಂಗಡಿ ಮೇಡಂ ರೆಕಾರ್ಡನ್ನು ಹಾಕಿ ಕೇಳಿಸಿದರು. ಮೂರನೆಯ ಕರೆ ಮುಗಿಯುವಾಗ ದೆಹಲಿಯವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಗಂಜಿ ಮಂಜೂರಾಯಿತು.

ನಾನು ಮೂರು ಸಲ ಆಕ್ಷೇಪ ಬರೆದೆ. ಕಾರಣದ ಜಾಗದಲ್ಲಿ ಏನು ಬರೆಯಲಿ? ಈ ಸ್ವರದವರು ಬದುಕಿದ್ದಾರೆ ಎಂದೇ? ಅದು ಕಾರಣವಾಗಲಿಲ್ಲ.

ಅತ್ತೆಗೆ ಹೇಳಲು ನಾನೇ ದಂಡೆಗೆ ಹೋದೆ. ಹೇಳಿ ಮುಗಿಸಿದಾಗ ಅವರು ಕೇಳಿದ್ದು ಗಂಡನ ಸ್ವರದ ಸುದ್ದಿ.

"ಅವ್ರದ್ ತೆಗ್ದ್ರಾ?"

"ತೆಗ್ದ್ರ್."

"ಪೂರ್ತಿಯಾ?"

"ಪೂರ್ತಿ."

ನೀರು ಹಿಂದೆ ಸರಿದು, ಮತ್ತೆ ಬಂದು ಅವರ ಕಾಲ ಬೆರಳು ಮುಟ್ಟಿ ಹೋಯಿತು. "ಇರ್ಲಿ" ಎಂದರು. "ಇಷ್ಟ್ ದಿನ ನಂಗ್ ಅವ್ರ ಸ್ವರ ಕೇಂತಿತ್. ಇನ್ ಅವ್ರಿಗೆ ನನ್ದ್ ಕೇಣ್ಲಿ. ಅವ್ರೂ ಅಲ್ಲೇ ಎಲ್ಲೋ ಇಪ್ದಲ್ದಾ. ಗಂಜಿಗೆ ಕರೂಕೆ ಯಾರಾರೂ ಬೇಕಲೆ."

ಆಮೇಲೆ ಅವರು ದಂಡೆಗೆ ಹೋಗುವುದನ್ನು ಬಿಟ್ಟರು. ನಾಗೇಶ ಮತ್ತೆ ದೋಣಿ ಇಳಿಸಿದ. ಮಂಡೆಯಿಲ್ಲದ ಹಡಗುಗಳು ಹೋಗುತ್ತ ಬರುತ್ತ ಗಂಜಿ ಆರುತ್ತಿದೆಯೆಂದು ಕರೆಯುತ್ತವೆ, ಮೂರು ಸಲ, ಮತ್ತು ಜನ ಓಗೊಡುತ್ತಾರೆ. ಇತರೆ ಬಹುಮಟ್ಟಿಗೆ ಖಾಲಿಯಾಗಿದೆ.

ನಾನು ಮಾತ್ರ ಕೆಲಸಕ್ಕೆ ಹೋಗುವ ಮೊದಲು ದಿನವೂ ಅತ್ತೆಯ ಬೇಲಿಯ ಹತ್ತಿರ ನಿಂತು ಕರೆಯುತ್ತೇನೆ. ಹಡಗಿಗೆ ಸ್ವರ ಹೋದವರು ಇನ್ನೂ ಇದ್ದಾರೆಯೇ ಎಂದು ತಿಳಿಯುವುದಕ್ಕೆ ಎಂಬುದು ಅವರಿಗೂ ಗೊತ್ತು. ಮೊದಲನೆಯ ಕರೆಗೆ ಸುಮ್ಮನಿರುತ್ತಾರೆ. ಎರಡನೆಯದಕ್ಕೂ ಸುಮ್ಮನಿರುತ್ತಾರೆ. ಮೂರನೆಯದಕ್ಕೆ ಒಳಗಿನಿಂದ, "ಬದ್ಕಿದ್ದೆ ಮಾರಾಯ, ಕೆಲ್ಸಕ್ಕೆ ಹೋಗ್" ಎನ್ನುತ್ತಾರೆ. ಒಮ್ಮೊಮ್ಮೆ ನಗು ತಡೆದುಕೊಂಡದ್ದು ಗೋಡೆಯಾಚೆಯಿಂದಲೇ ಕೇಳುತ್ತದೆ. ಮಿಮಿಕ್ರಿಯವನನ್ನು ಆಟವಾಡಿಸುವುದು ಅವರಿಗೆ ಹಿಡಿಸಿದೆ.

ಇವತ್ತು ಬೆಳಿಗ್ಗೆ ದಟ್ಟ ಇಬ್ಬನಿ. ಹಿತ್ತಲಿನ ತೆಂಗುಗಳಿಗೆ ಬುಡ ಮಾತ್ರ ಇದೆ, ತಲೆಯಿಲ್ಲ. ಬುಟ್ಟಿ ಅಂಗಳದಲ್ಲಿ ಕವುಚಿದ ಹಾಗೆಯೇ ಇದೆ. ಬಾಗಿಲು ಅರ್ಧ ತೆರೆದಿದೆ.

"ಅತ್ತೆ" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, "ಅತ್ತೆ."

ಇಬ್ಬನಿಯ ಆಚೆ, ಕಾಣದ ನೀರಿನ ಮೇಲೆ, ಹಡಗೊಂದು ಹೋಗುತ್ತಿದೆ. ಯಾರ ಮಾತು ಕೇಳಿತೋ, ಕರೆಯುತ್ತಿದೆ. ಏ ಮಗಾ, ಎಲ್ಲಿದ್ದೆ? ಗಂಜಿ ಆರ್ತಾ ಇತ್ತ್. ಸುಮ್ಮನಾಗಿ ಆಲಿಸುತ್ತದೆ. ಮತ್ತೆ ಕರೆಯುತ್ತದೆ. ಏ ಮಗಾ, ಎಲ್ಲಿದ್ದೆ?

ಅದಕ್ಕೂ ಇನ್ನೊಂದು ಕರೆ ಬಾಕಿಯಿದೆ, ನನಗೂ ಇನ್ನೊಂದು ಬಾಕಿಯಿದೆ. ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ.